ಹಗ್ಗವಿಲ್ಲದೆ ಮಾರಾಟವಾದ ಬೊಳ್ಳಿ ಎಮ್ಮೆಯವರಿಗೆ

ಮಾನ್ಯ ಬೊಳ್ಳಿಯವರೇ,

ತಮ್ಮ ಕೊಂಬುಗಳಿಗೂ, ನನ್ನ ಹಟ್ಟಿಯ ಬಾಗಿಲು ಮುರಿದ ತಮ್ಮ ಹಣೆಗೂ ಗೌರವಪೂರ್ವಕ ವಂದನೆಗಳು.

ಬಂಟ್ವಾಳ ಪೇಟೆಯಲ್ಲಿ ಬಾಡಿಗೆಗೆ ಕೊಡಲೆಂದು ಒಂದು ಅಂಗಡಿ ಕೋಣೆ ಕೊಳ್ಳಲು ನಾನು ನಿಶ್ಚಯಿಸಿದಾಗ, ಮುಂಗಡಕ್ಕೆ ಬಂಗಾರ ಅಡವಿಡುವ ಎಂದು ಮನೆಯವರು ಹೇಳಿದ್ದರು. ಹೈಸ್ಕೂಲು ಓದಿ, ಮನೆಮಂದಿಗೆಲ್ಲ ಹೊಸ ಪೈಸೆಯ ಲೆಕ್ಕ ಕಲಿಸಿದ ನಾನು, ಬಂಗಾರ ಅಡವಿಟ್ಟರೆ ಮದುವೆಮನೆಯಲ್ಲಿ ಬರಿಗೊರಳು ಕಾಣುತ್ತದೆ, ಎಮ್ಮೆ ಮಾರಿದರೆ ಯಾರಿಗೂ ಕಾಣುವುದಿಲ್ಲವೆಂದು ತರ್ಕಿಸಿ, ತಮ್ಮನ್ನು ಚಹಾ ಹೋಟೆಲಿನ ಹಾಜಬ್ಬರಿಗೆ ಮಾರಿ, ಆ ಹಣವನ್ನು ಅಂದೇ ಕೋಣೆಯ ಧಣಿಗೆ ಕೊಟ್ಟುಬಿಟ್ಟೆ. ಎಮ್ಮೆ ಕೊಟ್ಟರೂ ಹಗ್ಗ ಕೊಡಬಾರದು, ಹಗ್ಗದೊಡನೆ ಮನೆಯ ಭಾಗ್ಯ ಹೋಗುತ್ತದೆಂಬ ಹಿರಿಯರ ಮಾತಿನಂತೆ ತಮ್ಮ ಕೊರಳ ಹಗ್ಗವನ್ನು ಬಿಚ್ಚಿ ಹಟ್ಟಿಯ ಕಂಬಕ್ಕೆ ಸುತ್ತಿಟ್ಟೆ. ಭಾಗ್ಯ ಎಷ್ಟು ಚೆನ್ನಾಗಿ ಉಳಿಯಿತೆಂದರೆ, ಸಂಜೆಯೊಳಗೆ ತಾವು ಹಾಜಬ್ಬರ ಹೊಸ ಹಗ್ಗ ಹರಿದು, ಇಡೀ ಪೇಟೆಗೆ ದರ್ಶನ ಕೊಟ್ಟು, ಅದೇ ಕಂಬದ ಬಳಿ ಬಂದು ನಿಂತಿರಿ.

ಮರುದಿನವೂ ಬಂದಿರಿ. ತಮ್ಮನ್ನು ಹಿಂದಕ್ಕೆ ನಡೆಸಿಕೊಂಡು ಹೋಗುವಾಗ ನೆರೆಮನೆಯ ಸೇಸಮ್ಮ, “ಎಮ್ಮೆ ಮಾರಿ ಕೋಣೆ ತಗೊಂಡದ್ದಾ ಕಾವೇರಕ್ಕ, ಕೋಣ ತಗೊಂಡದ್ದಾ?” ಎಂದು ಕೇಳಿದರು. ಇದು ಸಾಕಿದವಳ ಮೇಲಿನ ಪ್ರೀತಿ, ನಿಮ್ಮ ಎಮ್ಮೆಗಳಿಗೆ ಅದು ಉಂಟಾ, ಎಂದು ನಾನು ತಲೆಯೆತ್ತಿಯೇ ಉತ್ತರಿಸಿದೆ. ಹಾಜಬ್ಬರು ಮಾತ್ರ, “ಎಮ್ಮೆ ನಿಲ್ಲುದಿಲ್ಲಾಂತಾದ್ರೆ ನನ್ನ ಹಣ ಕೊಡಿ ಅಮ್ಮ, ಪ್ರೀತಿ ಹಾಕಿ ಚಹಾ ಮಾಡ್ಲಿಕ್ಕೆ ಆಗ್ತದಾ?” ಎಂದರು. ಹಣ ಕೋಣೆಯ ಧಣಿಯಲ್ಲಿದೆ. ಪಡೆದ ಮುಂಗಡವನ್ನು ಹಿಂದೆ ಕೊಡುವ ಕೆಟ್ಟ ಅಭ್ಯಾಸ ಅವರಿಗಿಲ್ಲ. ತಾವು ಇನ್ನೊಮ್ಮೆ ಬಂದರೆ, ಕೋಣೆಯ ಬಾಕಿಗೆಂದು ಇಟ್ಟ ಹಣ ಹಾಜಬ್ಬರಿಗೆ ಹೋಗಿ, ನನಗೆ ಕೋಣೆಯೂ ಇಲ್ಲ, ಮಾನವೂ ಇಲ್ಲ.

ಆದುದರಿಂದ ತಾವು ಮಾರಾಟವಾಗಿರುವ ಸಂಗತಿಯನ್ನು ದಯಮಾಡಿ ಒಪ್ಪಿಕೊಳ್ಳಬೇಕು; ಬಿಡುವಾದರೆ ರಿಜಿಸ್ಟ್ರಾರರ ಕಚೇರಿಗೆ ಹೋಗಿ ಗೊರಸು ಒತ್ತಿ ಬರಬೇಕು. ನನ್ನ ಮೇಲಿನ ಮಮತೆಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕೆಂದೂ ಪ್ರಾರ್ಥನೆ. ಹಿರಿಯರು ಕ್ಷಮಿಸಲಿ, ತಮ್ಮ ಹಳೆಯ ಹಗ್ಗವನ್ನು ಇಂದು ಹಾಜಬ್ಬರಿಗೆ ಕೊಟ್ಟು ಬಂದಿದ್ದೇನೆ.

ಇತಿ, ಹಟ್ಟಿಯೂ ಕಂಬವೂ ಬರಿದಾದ ಮೇಲೂ ತಮ್ಮ ವಿಶ್ವಾಸಿ,
ಕಾವೇರಮ್ಮ, ಬಂಟ್ವಾಳ

ಮರೆತ ಮಾತು: ಹಳೆಯ ಹಗ್ಗ ಕೊರಳಿಗೆ ಬಿದ್ದೊಡನೆ ತಾವು ಹಾಜಬ್ಬರ ಹಟ್ಟಿಯಲ್ಲಿ ಮಲಗಿ ಮೆಲುಕು ಹಾಕತೊಡಗಿದಿರಂತೆ, ಮತ್ತೆ ಇತ್ತ ತಿರುಗಿಯೂ ನೋಡಲಿಲ್ಲವಂತೆ. ಕೋಣೆ ಉಳಿಯಿತು, ಸಂತೋಷ. ತಾವು ಬರುತ್ತಿದ್ದುದು ಹಗ್ಗಕ್ಕಾಗಿ ಎಂಬುದನ್ನು ಸೇಸಮ್ಮನಿಗೆ ಮಾತ್ರ ಹೇಳಬೇಡಿ.