ಡಾಕ್ಟರ ಮುಂದೆ ಬಾರದ ಉಬ್ಬಸ

"ಈ ತಿಂಗಳ ಮಾತ್ರೆ ಸರ್ಕಾರದ ಕೈಯಿಂದಾನೇ ಕೊಡಿಸ್ತೀನಿ. ಕೊಡಿಸದೇ ಇದ್ರೆ ನಾನು ಉಗ್ರಪ್ಪನೇ ಅಲ್ಲ!"

ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ ಉಗ್ರಪ್ಪ ಹೀಗೆ ಗುಡುಗಿದ್ದು ಎಪ್ಪತ್ನಾಲ್ಕನೇ ಇಸವಿಯಲ್ಲಿ, ಹೆಂಡತಿ ಪುಟ್ಟಲಕ್ಷ್ಮಿಯ ಎದುರಿಗೆ. ಅವಳಿಗೆ ಮದುವೆಗೆ ಮುಂಚಿನಿಂದಲೂ ಉಬ್ಬಸ. ಇವನ ಸಂಬಳದಲ್ಲಿ ತಿಂಗಳು ತಿಂಗಳೂ ಸರ್ಕಾರಿ ವಿಮೆಗೆಂದು ಹಣ ಹಿಡಿಯುತ್ತಿದ್ದರು. ಹಿಡಿದದ್ದನ್ನು ಬಿಡಿಸಿಕೊಳ್ಳದವನು ಗಂಡಸೇ ಅಲ್ಲವೆಂಬುದು ಅವನ ಸಿದ್ಧಾಂತ.

ವಿಮೆಯ ಔಷಧಾಲಯದಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಂತ ಮೇಲೆ ಡಾಕ್ಟರು ಪುಟ್ಟಲಕ್ಷ್ಮಿಯ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು.

"ಎದೆ ನಿರ್ಮಲವಾಗಿದೆಯಲ್ಲಮ್ಮ! ಉಬ್ಬಸ ಎಲ್ಲಿ?"

"ಈಗಿಲ್ಲ ಸಾರ್. ಬಂದು ಬಂದು ಹೋಗತ್ತೆ" ಎಂದ ಉಗ್ರಪ್ಪ.

"ಬಂದಾಗ ಕರ್ಕೊಂಡು ಬನ್ನಿ. ಇಲ್ಲದ ಕಾಯಿಲೆಗೆ ಮಾತ್ರೆ ಬರೆದ್ರೆ ಆಡಿಟ್‌ನೋರು ನನ್ನ ಉಸಿರು ನಿಲ್ಲಿಸ್ತಾರೆ!"

ಉಬ್ಬಸವೇನು ಗಡಿಯಾರ ನೋಡಿಕೊಂಡು ಬರುತ್ತದೆಯೇ? ಮುಂದಿನ ಸಲ ಬಂದದ್ದು ಭಾನುವಾರ; ಔಷಧಾಲಯಕ್ಕೆ ಬೀಗ. ಅದರ ಮುಂದಿನ ಸಲ ಗಣೇಶನ ಹಬ್ಬದ ದಿನ, ಮತ್ತೂ ಬೀಗ. ಮಾರನೆಯ ದಿನ ಕರೆದೊಯ್ದರೆ ಎದೆ ಪುನಃ ನಿರ್ಮಲ!

"ರಜಾ ದಿನ ಮಾತ್ರ ಬರೋ ಕಾಯಿಲೆಯೇನ್ರೀ?" ಎಂದು ಡಾಕ್ಟರು ನಕ್ಕರು. ಸಾಲಿನಲ್ಲಿದ್ದವರೂ ನಕ್ಕರು. ರಾತ್ರಿಯಿಡೀ ಗೋಡೆಗೊರಗಿ ಕುಳಿತೇ ಕಳೆದಿದ್ದ ಪುಟ್ಟಲಕ್ಷ್ಮಿ ಮಾತ್ರ ನಗಲಿಲ್ಲ.

ಆ ನಗುವಿಗೆ ಉಗ್ರಪ್ಪನ ಪಿತ್ತ ನೆತ್ತಿಗೇರಿತು. ಪಿತ್ತದ ಜೊತೆ ಒಂದು ಮಹೋಪಾಯವೂ ಏರಿತು. ಮಂಗಳವಾರ ಬೆಳಿಗ್ಗೆ ಅಟ್ಟದಿಂದ ಹಳೆಯ ಹತ್ತಿ ಹಾಸಿಗೆ ಎಳೆದು, ಬಾಗಿಲು ಹಾಕಿ, ಹೆಂಡತಿಯ ಮುಂದೆ ಕೋಲಿನಿಂದ ಬಡಿಯತೊಡಗಿದ.

"ಏನ್ರೀ ಇದು?"

"ಒಂಚೂರು ಧೂಳು ಎಳ್ಕೊಳ್ಳೇ. ಡಾಕ್ಟರಿಗೆ ತೋರಿಸೋಷ್ಟು ಬಂದ್ರೆ ಸಾಕು!"

"ಅದೇನು ಹಾಲೇನ್ರೀ, ಅಳತೆ ಮಾಡಿ ಹಾಕಿಸ್ಕೊಳ್ಳೋಕೆ?"

ಅಳತೆ ತಪ್ಪಿಯೇ ಬಿಟ್ಟಿತು! ಐದು ನಿಮಿಷದಲ್ಲಿ ಪುಟ್ಟಲಕ್ಷ್ಮಿ ನೆಲ ಹಿಡಿದಳು. ಎದೆ ಸೀಟಿ ಊದಿತು, ತುಟಿ ನೀಲಿಗಟ್ಟಿತು. ಉಗ್ರಪ್ಪನ ಕೈಯಿಂದ ಕೋಲು ಜಾರಿತು. ಪಕ್ಕದ ಮನೆಯ ಹನುಮಕ್ಕ ಬಾಗಿಲು ದೂಡಿಕೊಂಡು ಬಂದಳು.

"ಹೆಂಡ್ರನ್ನ ಸಾಯಿಸ್ತಿದೀಯೇನೋ ಪಾಪಿ! ಹೋಗು, ಆಟೋ ತಾ!"

ಡಾಕ್ಟರು ಈ ಸಲ ನಗಲಿಲ್ಲ. ಇಂಜೆಕ್ಷನ್ ಚುಚ್ಚಿ, ಅರ್ಧ ಗಂಟೆ ಪಕ್ಕದಲ್ಲೇ ನಿಂತರು. ಅವಳ ಉಸಿರು ಹತೋಟಿಗೆ ಬಂದ ಮೇಲೆ ಪೂರ್ತಿ ಒಂದು ತಿಂಗಳ ಮಾತ್ರೆ ಬರೆದುಕೊಟ್ಟರು. ಗೆದ್ದೆನೆಂಬ ಪಾಪಿ ಸಂತೋಷವೊಂದು ಉಗ್ರಪ್ಪನೊಳಗೆ ಇಣುಕಿತು. ಚೀಟಿಯನ್ನು ಕಾಂಪೌಂಡರ್ ಜಗನ್ನಾಥನ ಕಿಟಕಿಯೊಳಗೆ ತೂರಿಸಿದ.

"ಈ ಮಾತ್ರೆ ಮೂರು ತಿಂಗಳಿಂದ ಸ್ಟಾಕ್ ಇಲ್ಲ. ಕೆಂಪು ಔಷಧಿ ಇದೆ. ಸೀಸೆ ತಂದಿದೀರಾ?"

"ಮೂರು ತಿಂಗಳಿಂದಾನಾ! ಮೊದಲೇ ಹೇಳೋಕೇನಾಗಿತ್ತು?"

"ಚೀಟಿ ಇಲ್ದೋರಿಗೆ ಸ್ಟಾಕ್ ಹೇಳೋ ಹಾಗಿಲ್ಲ ಸಾರ್. ರೂಲ್ಸು."

ಉಗ್ರಪ್ಪ ಎದುರಿನ ಅಂಗಡಿಯಲ್ಲಿ ಮಾತ್ರೆ ಕೊಂಡು ತಂದ. ಬೆಂಚಿನ ಮೇಲೆ ಮುದುಡಿ ಕುಳಿತಿದ್ದ ಹೆಂಡತಿಯ ಮುಂದೆ ನಿಂತು ಡಾಕ್ಟರನ್ನು ಬೈದ, ಕಾಂಪೌಂಡರನ್ನು ಬೈದ, ಸರ್ಕಾರವನ್ನು ಬೈದ. ಬೈಯುವುದಕ್ಕೆ ಬೇರೆ ಯಾರೂ ಉಳಿಯದಿದ್ದಾಗ ಅವನ ದನಿ ಇಳಿಯಿತು.

"ನನ್ನ ಮೇಲೆ ಕೋಪ ಇಲ್ಲ ತಾನೇ? ಒಂದು ಮಾತೂ ಆಡ್ತಿಲ್ಲ..."

ಪುಟ್ಟಲಕ್ಷ್ಮಿ ಒಂದೊಂದೇ ಪದಕ್ಕೂ ಉಸಿರು ಹೊಂದಿಸಿಕೊಂಡು ಹೇಳಿದಳು:

"ಮಾತಾಡೋಕೆ... ಉಸಿರಿಲ್ಲ. ಅದಕ್ಕೇ... ನೀವು ಬದುಕಿದ್ರಿ!"