ಚಾನಲ್ ಏರಿಯ ಮೇಲೆ ಇಟಲಿ

ಎಲ್ಲದಕ್ಕೂ ಕಾರಣ ಆ ಸರ್ಟಿಫಿಕೇಟು. ಶಿವಯೋಗಿ ಅದನ್ನು ತನ್ನ ಮೊಬೈಲಿನಲ್ಲೇ ಇಟ್ಟುಕೊಂಡು ತಾನೊಬ್ಬನೇ ನೋಡಿ ಖುಷಿಪಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಹೆಂಡತಿ ತನುಜಾಗೆ ತೋರಿಸಿದ. ತನುಜಾಗೆ ತೋರಿಸಿದರೆ ಇಡೀ ಜನ್ನಾಪುರಕ್ಕೆ ತೋರಿಸಿದಂತೆ ಎಂಬುದು ಮದುವೆಯಾಗಿ ಇಪ್ಪತ್ತು ವರ್ಷವಾದರೂ ಆ ಪುಣ್ಯಾತ್ಮನಿಗೆ ತಿಳಿದಿರಲಿಲ್ಲ. ಐದು ನಿಮಿಷದಲ್ಲಿ ಅದು ಬೀದಿಯ ವಾಟ್ಸಾಪ್ ಗುಂಪಿನಲ್ಲಿತ್ತು: ಶ್ರೀ ಶಿವಯೋಗಿಯವರು ಇಟಲಿಯ ಪೋ ನದಿ ಬಯಲಿನಲ್ಲಿ ಸಾವಿರ ಕಿಲೋಮೀಟರ್ ಸೈಕಲ್ ತುಳಿದಿದ್ದಾರೆ.

ತುಳಿದದ್ದೇನೋ ನಿಜ. ಆದರೆ ತುಳಿದದ್ದು ಮನೆಯ ಹಾಲಿನಲ್ಲಿ, ಟೀವಿಯ ಮುಂದೆ, ನೆಲಕ್ಕೆ ನಾಲ್ಕು ಕಾಲೂರಿ ನಿಂತ, ಎಲ್ಲಿಗೂ ಹೋಗದ ಸೈಕಲ್ಲಿನ ಮೇಲೆ. ಶುಗರ್ ಬಂದಿದೆ, ಬೆವರು ಹರಿಸಿ ಎಂದು ಡಾಕ್ಟರು ಹೇಳಿದ ಮೇಲೆ ತಂದದ್ದು. ಬೆಳಿಗ್ಗೆ ಎದ್ದ ಕೂಡಲೇ ಟೀವಿಯಲ್ಲಿ ಇಟಲಿಯ ರಸ್ತೆ ಹಾಕಿಕೊಂಡು ಹತ್ತಿ ಕೂರುತ್ತಿದ್ದ. ಚಪ್ಪಟೆ ಬಯಲು, ಎರಡೂ ಕಡೆ ಜೋಳ, ಭತ್ತ, ನದಿಯ ದಡದ ಏರಿಯ ಮೇಲೆ ನೇರ ರಸ್ತೆ, ದೂರದಲ್ಲಿ ಒಂದು ಚರ್ಚಿನ ಗೋಪುರ. ಪಿಯಾಚೆಂಜಾ, ಕ್ರೆಮೋನಾ, ಫೆರಾರಾ ಎಂಬ ಊರುಗಳೆಲ್ಲ ಶಿವಮೊಗ್ಗ ಬಸ್ಸಿನ ಸ್ಟಾಪುಗಳಂತೆ ಅವನ ಬಾಯಿಗೆ ಬರುತ್ತಿದ್ದವು. ಸಾವಿರ ಕಿಲೋಮೀಟರ್ ತುಂಬಿದ ದಿನ ಆ ಸೈಕಲ್ಲಿನ ಆ್ಯಪ್ ಮೊಬೈಲಿಗೆ ಸರ್ಟಿಫಿಕೇಟು ಕಳಿಸಿತ್ತು.

ಇದ್ಯಾವುದನ್ನೂ ಅವನು ಮುಚ್ಚಿಟ್ಟಿರಲಿಲ್ಲ. ಬೀದಿಯವರಿಗೆಲ್ಲ ಆ ಹಾಲ್ ಸೈಕಲ್ಲಿನ ವಿಷಯ ಗೊತ್ತು. ಮುಚ್ಚಿಟ್ಟದ್ದು ಒಂದೇ. ಶಿವಯೋಗಿಗೆ ಸೈಕಲ್ ಬರುತ್ತಿರಲಿಲ್ಲ. ನೆಲದ ಮೇಲೆ ಉರುಳುವ, ಎರಡೇ ಚಕ್ರದ ಸೈಕಲ್ ಬರುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಶಿವಮೊಗ್ಗದಲ್ಲಿ ಬಾಡಿಗೆ ಸೈಕಲ್ ತೆಗೆದುಕೊಂಡು ಮೊದಲ ದಿನವೇ ಚರಂಡಿಗೆ ಬಿದ್ದಿದ್ದ. ಅವನಮ್ಮ ಅವತ್ತೇ ದೇವರ ಮುಂದೆ ನಿಲ್ಲಿಸಿ ಇನ್ನು ಮುಟ್ಟುವುದಿಲ್ಲ ಅನ್ನಿಸಿದ್ದಳು. ಅಷ್ಟೇ ಆಗಿದ್ದರೆ ನಾಚಿಕೆ ಪಡುವಂಥದ್ದೇನೂ ಇರಲಿಲ್ಲ. ಆದರೆ ಅವನು ಹೆಣ್ಣು ನೋಡಲು ಹೋದದ್ದು ಉಜ್ಜನಪ್ಪನವರ ಮನೆಗೆ. ಉಜ್ಜನಪ್ಪ ಊರಿನ ಕಬ್ಬಿಣದ ಕಾರ್ಖಾನೆಯ ಮನುಷ್ಯ. ಮೂವತ್ತೈದು ವರ್ಷ ಓಲ್ಡ್ ಟೌನಿನಿಂದ ಶಿಫ್ಟಿಗೆ ಸೈಕಲ್ಲಿನಲ್ಲಿ ಹೋದವರು, ಸೈರನ್ನು ಕೂಗುವ ಮೊದಲೇ ಗೇಟಿನಲ್ಲಿ ಇದ್ದವರು. ಸೈಕಲ್ ಹತ್ತಿದವನು ಹಿಂದೆ ತಿರುಗಿ ನೋಡಬಾರದು ಎಂಬುದು ಅವರ ನಿಯಮ. ಹುಡುಗನ ಸಂಬಳ ಕೇಳಲಿಲ್ಲ, ಜಮೀನು ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ, ಸೈಕಲ್ ಬರುತ್ತಾ ಎಂದು. ಅದೇ ಹೊತ್ತಿಗೆ ತನುಜಾ ಉಪ್ಪಿಟ್ಟಿನ ತಟ್ಟೆ ಇಟ್ಟು ಒಂದು ಸಲ ತಲೆಯೆತ್ತಿ ನೋಡಿದಳು. ಇವನು ಬರುತ್ತೆ ಅಂದುಬಿಟ್ಟ.

ಮಾವ ಮದುವೆಗೆ ಹೊಸ ಹಸಿರು ಸೈಕಲ್ಲನ್ನೇ ಉಡುಗೊರೆ ಕೊಟ್ಟರು. ಅಲ್ಲಿಂದ ಶುರುವಾಯಿತು ನೋಡಿ. ಮೊದಲ ಐದು ವರ್ಷ, ಜ್ಯೋತಿಷಿ ಎರಡು ಚಕ್ರದಿಂದ ಗಂಡಾಂತರ ಹೇಳಿದ್ದಾರೆ ಎಂದ. ಆಮೇಲೆ ಮಂಡಿನೋವು. ಅದೂ ಹಳತಾದ ಮೇಲೆ ಮೂಲವ್ಯಾಧಿ. ಮೂಲವ್ಯಾಧಿ ಅಂದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಸಾವಿರ ಕಿಲೋಮೀಟರಿನ ಸರ್ಟಿಫಿಕೇಟು ಈ ಮೂರನ್ನೂ ಒಂದೇ ಏಟಿಗೆ ಹೊಡೆದುಹಾಕಿತು.

ಸರ್ಟಿಫಿಕೇಟು ನೋಡಿದ್ದೇ ತಡ, ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಶ್ರೀನಿವಾಸಮೂರ್ತಿ ಭಾನುವಾರ ಸೈಕಲ್ ಜಾಥಾ ಎಂದು ಘೋಷಿಸಿದರು. ಊರಾಚೆಯ ನೀರಾವರಿ ಕಾಲುವೆ, ಅದೇ ಚಾನಲ್ಲಿನ ಏರಿಯ ಮೇಲೆ ಸಾಗಿ ಶಿವಮೊಗ್ಗ, ಅಲ್ಲಿ ಮಸಾಲೆದೋಸೆ, ವಾಪಸ್. ಮುಂದಾಳು ಶಿವಯೋಗಿ. ಇವನು ಕೈ ಕಾಲು ಹಿಡಿದರೂ ಬಿಡಲಿಲ್ಲ.

"ಒಂದು ಕಡೆ ನೀರು, ಒಂದು ಕಡೆ ಗದ್ದೆ, ಮಟ್ಟಸ ರಸ್ತೆ. ನಿಮ್ಮ ಇಟಲಿಗಿಂತ ಏನ್ರೀ ಕಮ್ಮಿ?" ಎಂದರು.

ಭಾನುವಾರ ಇನ್ನೂ ಬೆಳಕು ಹರಿಯುವ ಮೊದಲೇ ಶಿವಯೋಗಿ ಎದ್ದು, ಹಸಿರು ಸೈಕಲ್ಲಿನ ಎರಡೂ ಟೈರಿನ ಗಾಳಿ ಬಿಟ್ಟು, ಬೇಜಾರಿನ ಮುಖ ಮಾಡಿಕೊಂಡು ಬಾಗಿಲಲ್ಲಿ ಕೂತ. ಆರು ಗಂಟೆಗೆ ಓಲ್ಡ್ ಟೌನಿನ ಸೈಕಲ್ ಶಾಪಿನ ಚೌಡಯ್ಯ ಪಂಪು ಹೊತ್ತುಕೊಂಡೇ ಬಂದ. ಜಾಥಾಕ್ಕೆ ನನ್ನದೂ ಒಂದು ಸೇವೆ ಇರಲಿ ಎಂದು ಎರಡೇ ನಿಮಿಷದಲ್ಲಿ ಟೈರು ಕಲ್ಲಿನಂತೆ ಮಾಡಿಕೊಟ್ಟ. ತನುಜಾ ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ಚಕ್ರದಡಿಗೆ ನಿಂಬೆಹಣ್ಣು ಇಟ್ಟಳು. ಅವಳ ಕಣ್ಣಲ್ಲಿದ್ದ ಹೆಮ್ಮೆ ನೋಡಿ ಶಿವಯೋಗಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಉಜ್ಜನಪ್ಪ ಬಂದರು. ಎಪ್ಪತ್ತಾರು ವರ್ಷ, ಮೈಮೇಲೆ ಕಾರ್ಖಾನೆಯ ಹಳೆಯ ಖಾಕಿ ಅಂಗಿ, ತಮ್ಮ ಹಳೆಯ ಸೈಕಲ್ಲು.

"ಅಳಿಯಂದ್ರೆ, ಇಪ್ಪತ್ತು ವರ್ಷಕ್ಕೆ ನೀವು ಹತ್ತೋದು ನೋಡೋ ಭಾಗ್ಯ ಬಂತು" ಎಂದರು.

ಮೂವತ್ತು ಜನ ಸೈಕಲ್ ಹತ್ತಿ ಕಾಲೂರಿ ನಿಂತಿದ್ದಾರೆ. ಶಿವಯೋಗಿ ಸೈಕಲ್ಲನ್ನು ನೂಕಿಕೊಂಡೇ ನಿಂಬೆಹಣ್ಣು ದಾಟಿದ. ಹತ್ತಲಿಲ್ಲ. ಯಾಕೆ ಎಂದು ಮೇಷ್ಟ್ರು ಕೇಳಿದಾಗ ಬಾಯಿಗೆ ಬಂದದ್ದು ಹೇಳಿದ: ಇಟಲಿಯಲ್ಲಿ ಜಾಥಾ ಹೊರಟರೆ ಊರಿನ ಕೊನೇ ಮನೆ ದಾಟುವವರೆಗೆ ಮುಂದಾಳು ನಡೆದೇ ಹೋಗಬೇಕು, ಅದು ಊರಿಗೆ ಕೊಡುವ ಮರ್ಯಾದೆ. ತನಗೊಬ್ಬನಿಗೆ ವಿನಾಯಿತಿ ಸಿಕ್ಕೀತು ಎಂದುಕೊಂಡಿದ್ದ. ಆದರೆ ಜನ್ನಾಪುರದವರು ಮರ್ಯಾದೆಯ ವಿಷಯದಲ್ಲಿ ಇಟಲಿಗೆ ಸೋಲುವವರಲ್ಲ. ಎಲ್ಲರೂ ಇಳಿದರು. ಮೂವತ್ತು ಸೈಕಲ್ಲುಗಳು ಶವಯಾತ್ರೆಯಂತೆ ಸದ್ದಿಲ್ಲದೆ ಸಾಗಿದವು. ಹಾಲಿನವನು ಯಾರು ಹೋದರು ಎಂದು ಕೇಳಿದ.

ಕೊನೇ ಮನೆಯೂ ಬಂತು. ಅಲ್ಲಿಂದ ಚಾನಲ್ ಏರಿ. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಹಸಿರು ಗದ್ದೆ, ನಡುವೆ ಬಾಚಿದ ಬೈತಲೆಯಂಥ ರಸ್ತೆ. ಇಟಲಿಯಲ್ಲಿ ಮುಂದಾಳು ಎಲ್ಲರನ್ನೂ ಮುಂದೆ ಕಳಿಸಿ ಕೊನೆಗೆ ಬರುತ್ತಾನೆ ಎಂದು ಶಿವಯೋಗಿ ಇನ್ನೊಂದು ಬುರುಡೆ ಬಿಟ್ಟ. ಅದನ್ನೂ ನಂಬಿದರು. ಮುಂದಿನ ತೂಬಿನ ಹತ್ತಿರ ಕಾಯುತ್ತೇವೆ ಎಂದು ಹೇಳಿ ಎಲ್ಲರೂ ಹೊರಟರು. ಉಳಿದವರು ಮಾವ ಒಬ್ಬರೇ.

ಶಿವಯೋಗಿ ಬಗ್ಗಿ ಶೂ ಲೇಸು ಬಿಚ್ಚಿ ಕಟ್ಟಿದ. ಮತ್ತೆ ಬಿಚ್ಚಿದ. ಮಾವ ಸೈಕಲ್ ಹಿಡಿದು ಕಾಯುತ್ತಿದ್ದರು. ಆ ಖಾಕಿ ಅಂಗಿಯ ತೋಳಿನ ಮೇಲೆ ಎಂದೋ ಬಿದ್ದ ಕಿಡಿಯ ತೂತು ಕಾಣುತ್ತಿತ್ತು. ಇಂಥ ಮನುಷ್ಯನ ಮುಂದೆ ಇಪ್ಪತ್ತು ವರ್ಷ ನಾಟಕ ಆಡಿದೆನಲ್ಲ ಎಂದು ಅವನಿಗೆ ಅಸಹ್ಯವಾಯಿತು. ಎದ್ದು ನಿಂತ.

"ಮಾವ, ನನಗೆ ಸೈಕಲ್ ಬರಲ್ಲ."

"ಯಾವಾಗಿಂದ?"

"ಹುಟ್ಟಿದಾಗಿಂದ."

ಉಜ್ಜನಪ್ಪ ತಮ್ಮ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಹತ್ತಿರ ಬಂದರು. ಹೊಡೆದರೆ ಹೊಡೆಸಿಕೊಳ್ಳುವುದೇ ಎಂದು ಶಿವಯೋಗಿ ಕಣ್ಣು ಮುಚ್ಚಿದ. ಹೆಗಲ ಮೇಲೆ ಕೈ ಬಿತ್ತು.

"ಮದುವೆ ಮನೇಲೇ ಅನುಮಾನ ಬಂದಿತ್ತು ಕಣೋ. ಸೈಕಲ್ ಕೊಟ್ರೆ ಹ್ಯಾಂಡಲ್ ಹಿಡಿಯೋದು ಬಿಟ್ಟು ಸೀಟು ತಬ್ಕೊಂಡು ನಿಂತಿದ್ದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಇಪ್ಪತ್ತು ವರ್ಷದಿಂದ ಕಾಯ್ತಿದೀನಿ. ಸೈಕಲ್ ಬರದೇ ಇದ್ರೆ ಯಾರ ಮನೆ ಮುಳುಗುತ್ತೆ ಮಾರಾಯ? ನನ್ನ ಮುಂದೆ ನಿಂತು ಬಾಯಿಬಿಟ್ಟು ಹೇಳಿದ್ಯಲ್ಲ. ಇನ್ಮೇಲೆ ನೀನು ನಮ್ಮನೆ ಮಗ."

ಮುದುಕರ ಕಣ್ಣು ಒದ್ದೆಯಾಗಿತ್ತು. ಇಷ್ಟು ವರ್ಷ ಅಳಿಯಂದ್ರೆ, ನೀವು ಎಂದು ದೂರವೇ ನಿಂತು ಮಾತಾಡುತ್ತಿದ್ದವರು ಇವತ್ತು ನೀನು ಅಂದರು. ಶಿವಯೋಗಿಗೆ ಬೆನ್ನ ಮೇಲಿನ ಮೂಟೆ ಇಳಿದಂತಾಯಿತು.

ಅಲ್ಲಿಗೆ ಬಿಟ್ಟು ಮನೆಗೆ ಹೋಗಿ ಕಾಫಿ ಕುಡಿಯಬೇಕಿತ್ತು. ಆದರೆ ಸತ್ಯ ಹೇಳಿ ಅಭ್ಯಾಸವಿಲ್ಲದವನಿಗೆ ಒಮ್ಮೆ ಅದರ ರುಚಿ ಸಿಕ್ಕಿದರೆ ಕಷ್ಟ. ಪ್ರಮಾಣಸಮೇತ ಹೇಳಿಬಿಡೋಣ ಅನ್ನಿಸಿತು.

"ನನಗೆ ಎಷ್ಟು ಬರಲ್ಲ ಅಂತ ನೋಡಿ ಮಾವ" ಎಂದು, ಬೀಳುವುದಕ್ಕೆಂದೇ ಗದ್ದೆಯ ಕಡೆ ವಾಲಿಕೊಂಡು ಹಸಿರು ಸೈಕಲ್ ಹತ್ತಿ ಒಂದು ಪೆಡಲ್ ತುಳಿದ.

ಬೀಳಲಿಲ್ಲ.

ಇನ್ನೊಂದು ತುಳಿದ. ಆಗಲೂ ಬೀಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಬೀಳುವ ಭಯವೇ ಇಲ್ಲದೆ ಕೂತಿದ್ದ, ಏರಿ ತೂಬಿನ ಕಡೆಗೆ ಸ್ವಲ್ಪ ಇಳಿಜಾರಾಗಿತ್ತು, ಕಾಲುಗಳಿಗೆ ಸಾವಿರ ಕಿಲೋಮೀಟರಿನ ಅಭ್ಯಾಸವಿತ್ತು, ಕಣ್ಣ ಮುಂದೆ ದಿನಾ ಬೆಳಿಗ್ಗೆ ನೋಡುತ್ತಿದ್ದ ಅದೇ ನೇರ ರಸ್ತೆ. ಸೈಕಲ್ಲು ಬಾಣದಂತೆ ಹೊರಟಿತು. ನಿಲ್ಲಿಸುವುದು ಹೇಗೆ? ಮನೆಯ ಹಾಲ್ ಸೈಕಲ್ಲಿಗೆ ಬ್ರೇಕು ಇರಲಿಲ್ಲವಾದ್ದರಿಂದ ಇದಕ್ಕೆ ಇರಬಹುದೆಂದು ಹೊಳೆಯಲೇ ಇಲ್ಲ. ತೂಬಿನ ಹತ್ತಿರ ಕಾಯುತ್ತಿದ್ದವರ ಕಡೆಗೆ, ಹಿಡಿಯಿರಪ್ಪಾ ಎಂದು ಒಂದು ಕೈ ಎತ್ತಿ ಆಡಿಸಿದ. ಒಂದೇ ಕೈಯಲ್ಲಿ ಬರುತ್ತಿದ್ದಾರೆ ಎಂದು ಅವರು ಚಪ್ಪಾಳೆ ತಟ್ಟಿ ದಾರಿ ಬಿಟ್ಟರು. ಕೊನೆಗೆ ಭತ್ತದ ಹುಲ್ಲು ತುಂಬಿ ನಿಂತಿದ್ದ ಟ್ರಾಕ್ಟರಿಗೆ ಹಿಂದಿನಿಂದ ಮೆತ್ತಗೆ ಹೋಗಿ ಒರಗಿದ. ಒಂದು ತರಚು ಗಾಯವೂ ಆಗಲಿಲ್ಲ.

ಶ್ರೀನಿವಾಸಮೂರ್ತಿಗಳು ಬೆನ್ನು ತಟ್ಟಿ, ಮುಂದಿನ ಭಾನುವಾರ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ, ಮುಂದಾಳು ಇವರೇ ಎಂದು ಅಲ್ಲೇ ಸಾರಿದರು. ಶಿವಯೋಗಿ ಅವರ ಮಾತು ಕೇಳುತ್ತಿರಲಿಲ್ಲ. ಏರಿಯ ಮೇಲೆ ನಿಧಾನವಾಗಿ ತುಳಿದುಕೊಂಡು ಬರುತ್ತಿದ್ದ ಖಾಕಿ ಅಂಗಿಯನ್ನೇ ನೋಡುತ್ತಿದ್ದ.

ಉಜ್ಜನಪ್ಪ ಬಂದರು. ಕಾಲೂರಿ ನಿಂತರು.

"ಚೆನ್ನಾಗಿ ಹೊಡೀತೀರಿ, ಅಳಿಯಂದ್ರೆ."

"ಮಾವ, ಅದು ಹೇಗಾಯ್ತೋ ನನಗೇ ಗೊತ್ತಿಲ್ಲ. ದೇವರಾಣೆ ಬರಲ್ಲ."

"ಇಪ್ಪತ್ತು ವರ್ಷ ಬರುತ್ತೆ ಅಂದ್ರಿ, ನಾನು ನಂಬಿರಲಿಲ್ಲ. ಇವತ್ತು ಬರಲ್ಲ ಅಂದ್ರಿ, ನಂಬಿಬಿಟ್ಟೆ. ಮುದುಕನ ಕಣ್ಣಲ್ಲಿ ನೀರು ತರಿಸಿ ನಿಮಗೇನು ಸಿಕ್ತು?"

ಇಷ್ಟನ್ನು ತಗ್ಗಿದ ದನಿಯಲ್ಲಿ, ಬೇರೆಯವರಿಗೆ ಕೇಳದಂತೆ ಹೇಳಿದರು. ಅಳಿಯನ ಮಾನ ಹೋಗಬಾರದಲ್ಲ. ಶಿವಯೋಗಿಗೆ ಅದು ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು ಉರಿಯಿತು. ಮಾವ ಪೆಡಲ್ ಮೇಲೆ ಕಾಲಿಟ್ಟು ಶಿವಮೊಗ್ಗದ ಕಡೆ ಹೊರಟರು. ದೋಸೆ ತಣ್ಣಗಾಗುತ್ತದೆ ಎಂದು ಉಳಿದವರೂ ಹಿಂದೆಯೇ ಹೊರಟರು.

ಶಿವಯೋಗಿ ಗಡಿಬಿಡಿಯಲ್ಲಿ ಸೈಕಲ್ ಹತ್ತಿದ. ಹತ್ತಿದ ಕ್ಷಣವೇ ಹ್ಯಾಂಡಲ್ಲು ಒಂದು ಕಡೆ, ತಾನು ಒಂದು ಕಡೆಯಾಗಿ, ಹಾರದ ಸಮೇತ ಗದ್ದೆಯ ಕೆಸರಿಗೆ ಬಿದ್ದ.

"ಮಾವ, ಇಲ್ಲಿ ನೋಡಿ, ಬಿದ್ದೆ!" ಎಂದು ಕೂಗಿದ.

ಎದ್ದು ಮತ್ತೆ ಹತ್ತಿದ, ಮತ್ತೆ ಬಿದ್ದ. ಈಗ ಎಷ್ಟು ಸಲ ಹತ್ತಿದರೂ ಅಷ್ಟು ಸಲವೂ ಚೆನ್ನಾಗಿಯೇ ಬೀಳುತ್ತಿದ್ದ. ಪ್ರತಿ ಸಲವೂ ಕೂಗಿದ. ದೂರದಲ್ಲಿ ಖಾಕಿ ಅಂಗಿ ಚಿಕ್ಕದಾಗುತ್ತ ಹೋಯಿತು. ಸೈಕಲ್ ಹತ್ತಿದ ಮೇಲೆ ಉಜ್ಜನಪ್ಪ ಹಿಂದೆ ತಿರುಗಿ ನೋಡುವವರಲ್ಲ.