ನಾನು ಶಾಸಕನಾಗಲು ಹೊರಟದ್ದು

ಅಮೆರಿಕದ ಫ್ರೀಮಾಂಟಿನಲ್ಲಿ ವಕೀಲಿಕೆ ಮಾಡುವ ಕನ್ನಡಿಗನಿಗೆ ತಮಾಷೆಯ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಈ ಸಲ ರಾಜ್ಯದ ಶಾಸನಸಭೆಗೆ ನಿಂತ ಮೇಲಂತೂ ಕೇಳುವುದೇ ಬೇಡ. ಬರುವ ಕೇಸುಗಳನ್ನೆಲ್ಲ ಬೇರೆಯವರಿಗೆ ದಾಟಿಸಿ ನಿಂತಿದ್ದೆ. ಗೆಲ್ಲಲೇಬೇಕೆಂಬ ಹಟವಿತ್ತು.

ಪುಕ್ಕಟೆ ಸಲಹೆ

ಒಂದು ಗೃಹಪ್ರವೇಶದಲ್ಲಿ ಪಕ್ಕ ಕೂತ ಇಂಜಿನಿಯರು, ನೆರೆಮನೆಯ ಮರ ತಮ್ಮ ಬೇಲಿಯ ಮೇಲೆ ಬಗ್ಗಿದೆ, ಏನು ಮಾಡಲಿ ಎಂದರು. ಹೋಳಿಗೆ ಮುಗಿಯುವವರೆಗೂ ಕಾನೂನು ಹೇಳಿದೆ. ಕೈ ತೊಳೆಯುವಾಗ ವೋಟು ಕೇಳಿದೆ.

"ನಿಮಗೇ ಹಾಕ್ತಿದ್ದೆ ಸಾರ್. ಆದ್ರೆ ನೀವು ಗೆದ್ದು ಸ್ಯಾಕ್ರಮೆಂಟೋ ಅಸೆಂಬ್ಲಿಗೆ ಹೋದ್ರೆ, ಇದನ್ನೆಲ್ಲ ನಾವು ಯಾರನ್ನ ಕೇಳೋದು?"

ಮನೆ ಮನೆ ಪ್ರಚಾರ

ನನ್ನ ಪ್ರಚಾರದ ಮ್ಯಾನೇಜರು ಪಕ್ಕದ ಊರು ಹೇವರ್ಡಿನ ಅಮೆರಿಕನ್ ಹೆಂಗಸು, ಬಲು ಶಿಸ್ತು. ಬಾಗಿಲಲ್ಲೇ ನಿಂತು ಮಾತಾಡಿ, ಮುಂದೆ ನಡೆಯಿರಿ ಎಂದಿದ್ದಳು. ಮೊದಲ ಮನೆಯಲ್ಲಿ ಉಪ್ಪಿಟ್ಟು ಕೊಟ್ಟರು. ಎರಡನೆಯ ಮನೆಯಲ್ಲಿ ಬೇಡವೆಂದರೆ, "ಅವರ ಮನೇಲಿ ತಿಂದ್ರಂತೆ, ವಾಟ್ಸಾಪಲ್ಲಿ ಬಂತು. ನಮ್ಮನೇದು ಆಗಲ್ವಾ?" ಎಂದರು. ವೋಟಿನ ಭಯಕ್ಕೆ ತಿಂದೆ; ಜೊತೆಗಿದ್ದ ಮ್ಯಾನೇಜರಿಗೂ ತಟ್ಟೆ ಬಂತು. ಸಂಜೆಯ ಹೊತ್ತಿಗೆ ಬೀದಿಯ ಒಂದು ಮಗ್ಗುಲು ಕೂಡ ಮುಗಿದಿರಲಿಲ್ಲ.

ಅವಳ ಬೈಗುಳಕ್ಕೆ ಸಿದ್ಧನಾಗಿದ್ದೆ. ಮರುವಾರ ಅವಳೇ ಹೇಳಿದಳು: "ನಾನು ಬೆಳಗ್ಗೆ ಏನೂ ತಿಂದಿಲ್ಲ. ಆ ಬೀದಿಗೇ ಹೋಗೋಣ."

ಅಮ್ಮನ ಕೈಯ ವೋಟುಗಳು

ಇಲ್ಲಿ ಮತಪತ್ರ ಮನೆಗೇ ಬರುತ್ತದೆ. ಗುರುತು ಹಾಕಿ, ಸಹಿ ಮಾಡಿದ ಕವರನ್ನು ಚುನಾವಣೆಯ ದಿನದೊಳಗೆ ಮತದ ಬಾಕ್ಸಿಗೆ ಹಾಕಬೇಕು. ಅಮ್ಮನ ಭಜನೆ ಗುಂಪಿನ ಹಿರಿಯರು ಕಾರು ಓಡಿಸುವುದಿಲ್ಲ. "ನಿಮ್ಮ ಮಗನಿಗೇ ಹಾಕಿದೀವಿ, ನೀವೇ ಮುಟ್ಟಿಸಿಬಿಡಿ" ಎಂದು ಎಲ್ಲರೂ ಕವರುಗಳನ್ನು ಅಮ್ಮನಿಗೇ ಕೊಟ್ಟರು. ನಾನು ವಿಚಾರಿಸಿದಾಗಲೆಲ್ಲ ಅಮ್ಮ, "ಅದರ ಯೋಚನೆ ಬಿಡು, ಭದ್ರವಾಗಿದೆ" ಎನ್ನುತ್ತಿದ್ದಳು.

ಸೋತೆ. ಅಂತರ ಎಷ್ಟೆಂದರೆ, ಆ ಭಜನೆ ಗುಂಪು ನನ್ನ ಕಡೆ ಬಂದಿದ್ದರೆ ಸಾಕಿತ್ತು. ಮನೆಗೆ ಬಂದು ಸೋಫಾದಲ್ಲಿ ಕುಸಿದೆ, ನಿಜಕ್ಕೂ ಅಳು ಬಂತು.

"ಅಮ್ಮಾ, ನಿನ್ನ ಗೆಳತಿಯರೂ ಕೈ ಕೊಟ್ರಲ್ಲ!"

"ಛೆ, ಅವರನ್ನ ಯಾಕೆ ಅಂತೀಯ?" ಎನ್ನುತ್ತ ಅಮ್ಮ ದೇವರ ಕಪಾಟು ತೆಗೆದಳು. ಬೆಳ್ಳಿ ತಟ್ಟೆಯಲ್ಲಿ ಕವರುಗಳ ಕಟ್ಟು. ನಾಲ್ಕು ಮೂಲೆಗೂ ಅರಿಶಿನ ಕುಂಕುಮ, ಮೇಲೊಂದು ಹೂವು. "ನೀನು ಗೆಲ್ಲೋವರೆಗೂ ದೇವರ ಮುಂದಿಂದ ತೆಗೀಬಾರ್ದು ಅಂತ ಇಟ್ಟಿದೀನಿ."

ನನ್ನ ಮಗಳು ಚೀರಿದಳು: "ಅಜ್ಜೀ, ಯು ಹ್ಯಾಡ್ ಟು ಡ್ರಾಪ್ ದೆಮ್ ಆಫ್! ಬಾಕ್ಸಿಗೆ ಹಾಕ್ಬೇಕಿತ್ತು!"

ಅಮ್ಮ ಸೆರಗಿನಿಂದ ನನ್ನ ಕಣ್ಣೊರೆಸಿ ಸಮಾಧಾನ ಹೇಳಿದಳು: "ಅಳಬೇಡ ಕಂದಾ. ನೋಡು, ಒಂದೇ ಒಂದು ವೋಟೂ ಇನ್ನೊಬ್ಬನಿಗೆ ಹೋಗಿಲ್ಲ."